ಮಾನಪ್ಪ ಮಾಸ್ತರರ ಮೂಲೆಮಟ್ಟ

“ತಪ್ಪು ನಂದಲ್ರಿ ಸರ. ನಿಮ್ಮ ಮಟ್ಟ ಸುಳ್ಳು ಹೇಳಾಕತ್ತೈತಿ.”

“ನಾಲಿಗಿ ಬಿಗಿ ಹಿಡಿದು ಮಾತಾಡು. ನಮ್ಮಪ್ಪನ ಕಾಲದ ಮಟ್ಟ ಅದು. ನೀ ಹುಟ್ಟೂಕಿಂತ ಮೊದ್ಲ ನೂರು ಬಾಗಿಲ ಕೂಡ್ಸೈತಿ.”

“ನೂರಾ ಒಂದನೇದು ಕೂಡವಲ್ದಲ್ರಿ.”

ಹೀಗೆ ಕೂಗಾಡುತ್ತಿದ್ದವರು ಇಬ್ಬರು. ಒಬ್ಬರು ಹಾವೇರಿ ಕಡೆಯ ಒಂದು ಐ.ಟಿ.ಐ.ಯಲ್ಲಿ ಮೇಜು, ಕುರ್ಚಿ, ಮಂಚ ಮಾಡುವುದನ್ನು ಕಲಿಸುವ ಮಾನಪ್ಪ ಬಡಿಗೇರ ಮಾಸ್ತರರು. ಇನ್ನೊಬ್ಬಳು ಅವರ ವಿದ್ಯಾರ್ಥಿನಿ ದಿಲ್‌ಶಾದ್ ನದಾಫ. ಬೈಸಿಕೊಳ್ಳುತ್ತಿದ್ದುದು ನಾನು. ನಾನು ಒಂದು ಮೂಲೆಮಟ್ಟ. ಮರದ ಮೂಲೆ ಸರಿಯಿದೆಯೋ ಸೊಟ್ಟಗಿದೆಯೋ ಎಂದು ಹೇಳುವುದೇ ನನ್ನ ಕೆಲಸ. ಅಂಥ ನನ್ನನ್ನೇ ಸುಳ್ಳುಗಾರ ಎಂದರೆ ಮೈ ಉರಿಯುವುದಿಲ್ಲವೇ?

ನಾನು ಹುಟ್ಟಿದ್ದು ಕಮ್ಮಾರನ ಕುಲುಮೆಯಲ್ಲಿ. ಹಲ್ಲು ಸವೆದ ದೊಡ್ಡ ಗರಗಸದ ತಗಡಿನಿಂದ ಮೊಳದುದ್ದದ ಒಂದು ತೋಳು, ಗೇಣುದ್ದದ ಇನ್ನೊಂದು ತೋಳು ಇರುವಂತೆ ನನ್ನನ್ನು ಕಡಿದರು. ಮಾನಪ್ಪನವರ ತಂದೆ ಮೂರು ಸಲ “ಇನ್ನೂ ಆಗಿಲ್ಲ” ಎಂದು ಹಿಂದಕ್ಕೆ ಕೊಟ್ಟರು. ನಾಲ್ಕನೆಯ ಸಲ ಮಾತಾಡದೆ ಚೀಲಕ್ಕೆ ಹಾಕಿಕೊಂಡರು. ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಇಂದಿಗೂ ಸಿಕ್ಕಿಲ್ಲ.

ತಂದೆಯ ನಂತರ ಮಗನ ಕೈಗೆ ಬಂದೆ, ಮಗನ ಜೊತೆ ಈ ಐ.ಟಿ.ಐ.ಗೆ ಬಂದೆ. ಸರಕಾರ ಕೊಟ್ಟ ಹೊಳೆಯುವ ಮಟ್ಟಗಳು ಕಪಾಟಿನಲ್ಲಿ ಮಲಗಿದ್ದವು. ಕರಿಹಲಗೆಯ ಪಕ್ಕದ ಮೊಳೆಯ ಮೇಲೆ ನಾನಿದ್ದೆ. ಪರೀಕ್ಷೆಗೆ ಮಾಡುವ ಸ್ಟೂಲಿಗೆ ಎಲ್ಲರೂ ನನ್ನನ್ನೇ ಹಿಡಿದು ಗೆರೆ ಎಳೆಯಬೇಕು. ಸ್ಟೂಲು ಮುಗಿದ ಮೇಲೆ ಮಾಸ್ತರರು ಅದರ ಮೇಲೆ ತುಂಬಿದ ಚಹಾದ ಲೋಟ ಇಟ್ಟು, ಒಂದೊಂದೇ ಮೂಲೆಯನ್ನು ಬೆರಳಿನಿಂದ ಒತ್ತುವರು. ಚೆಲ್ಲಿದರೆ ನಪಾಸು. ಚೆಲ್ಲದಿದ್ದರೆ ಆ ಚಹಾ ಸ್ಟೂಲು ಮಾಡಿದವರಿಗೆ.

ದಿಲ್‌ಶಾದಳ ಸ್ಟೂಲಿನ ಮೇಲೆ ಚಹಾ ಚೆಲ್ಲಿತ್ತು. ಆ ವರ್ಷ ಉಳಿದವರ ಸ್ಟೂಲುಗಳೂ ಅಲುಗಾಡಿದ್ದವು. ಅವರು ಗುಟ್ಟಾಗಿ ಕಾಲಿನ ತುದಿ ಕೆತ್ತಿ ಸಮ ಮಾಡಿ ಪಾಸಾದರು. ಈಕೆ ಕೆತ್ತಲಿಲ್ಲ. ಇವಳದು ಗಾದಿ ಹೊಲಿಯುವ ಮನೆತನ. “ಗಾದಿ ನಮ್ಮದು, ಮಂಚ ಯಾಕ ಮಂದೀದು?” ಎಂದು ವಾದಿಸಿ ಇಲ್ಲಿಗೆ ಸೇರಿದ್ದಳು. ಅಪ್ಪ ಒಪ್ಪಿದ್ದು ಒಂದೇ ವರ್ಷಕ್ಕೆ. ನಪಾಸಾದರೆ ಮತ್ತೆ ಸೂಜಿ, ಹತ್ತಿ. ಹೊರಗಿನ ಪರೀಕ್ಷಕರು ಬರಲು ಐದೇ ದಿನ ಉಳಿದಿತ್ತು.

“ಮಟ್ಟ ಹೊರಳಿಸಿ ನೋಡೂಣ್ರಿ,” ಎಂದಳು ದಿಲ್‌ಶಾದ್.

ಮೊಳೆಯಿಂದ ನನ್ನನ್ನು ಕಿತ್ತಳು. ಕೀಸಿದ ಹಲಗೆಯ ಅಂಚಿಗೆ ನನ್ನ ಗಿಡ್ಡ ತೋಳನ್ನು ಹೊಂದಿಸಿ, ಉದ್ದ ತೋಳಿನ ಗುಂಟ ಒಂದು ಗೆರೆ ಎಳೆದಳು. ನನ್ನನ್ನು ಮಗುಚಿ ಹಾಕಿ, ಮೊದಲನೆಯದು ಹೊರಟ ಚುಕ್ಕೆಯಿಂದಲೇ ಇನ್ನೊಂದು ಗೆರೆ ಎಳೆದಳು. ಮಟ್ಟ ಸರಿಯಿದ್ದರೆ ಎರಡೂ ಒಂದರ ಮೇಲೊಂದು ಬೀಳಬೇಕು. ಬೀಳಲಿಲ್ಲ. ಕತ್ತರಿ ಬಾಯಿ ತೆರೆದ ಹಾಗೆ ದೂರ ಸರಿದವು.

ಮಾಸ್ತರರು ಬಗ್ಗಿ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು.

“ವಾರ್ನಿಶ್ ಡಬ್ಬಿ,” ಎಂದರು ಕೊನೆಗೆ. “ನಾನ. ಇದರಲೇ ಮುಚ್ಚಳ ಎಬ್ಬಿಸಿದ್ದೆ.”

ನನಗೆ ಗೊತ್ತಿತ್ತು. ಇಲಾಖೆಯ ಸಾಹೇಬರು ತಪಾಸಣೆಗೆ ಬರುವ ಗಡಿಬಿಡಿಯಲ್ಲಿ ಮಾಸ್ತರರು ನನ್ನ ತುದಿಯನ್ನು ಡಬ್ಬಿಯ ಮುಚ್ಚಳಕ್ಕೆ ಸಿಕ್ಕಿಸಿ ಮೀಟಿದ್ದರು. ನನ್ನ ತೋಳು ಸರಿದದ್ದು ಆಗಲೇ. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಕಿವಿ ಹಿಂಡಿ ಹೊರಗೆ ನಿಲ್ಲಿಸುತ್ತಿದ್ದರು. ಅಂದು ನನಗೆ ಬಾಯಿದ್ದಿದ್ದರೆ ಅವರ ಅಪ್ಪನ ಹೆಸರು ಹಿಡಿದು ಬೈಯುತ್ತಿದ್ದೆ.

“ನಿಂದು ಪಾಸ್ ಅಂತ ಬರೀತೇನಿ.”

“ಅಳ್ಳಾಡೂ ಸ್ಟೂಲಿಗೆ ಪಾಸ್ ಬ್ಯಾಡ್ರಿ ಸರ. ಮಟ್ಟ ಸರಿ ಮಾಡಿಕೊಡ್ರಿ, ಹೊಸಾದು ಮಾಡ್ತೇನಿ.”

ಮಾಸ್ತರರು ನನ್ನನ್ನು ಕಬ್ಬಿಣದ ಗಟ್ಟಿಯ ಮೇಲೆ ಇಟ್ಟರು. ಹೊರಮೂಲೆಯ ಹತ್ತಿರ ಚೂಪು ಉಕ್ಕಿನ ಮೊನೆ ಊರಿ, ಸುತ್ತಿಗೆಯಿಂದ ಒಂದೇ ಪೆಟ್ಟು ಕೊಟ್ಟರು. ಪೆಟ್ಟು ಬಿದ್ದಲ್ಲಿ ನನ್ನ ತಗಡು ಕೂದಲೆಳೆಯಷ್ಟು ಹಿಗ್ಗಿತು, ತೆರೆದಿದ್ದ ತೋಳುಗಳು ಒಳಕ್ಕೆ ಬಂದವು. ಹಲಗೆಯ ಮೇಲೆ ಎರಡು ಗೆರೆ ಎಳೆದರು. ಕಂಡದ್ದು ಒಂದೇ. ಆ ಪೆಟ್ಟಿನ ಗುರುತು ಇಂದಿಗೂ ನನ್ನ ಮೂಲೆಯಲ್ಲಿದೆ. ನಾಚಿಕೆಯಿಲ್ಲ ನನಗೆ. ತಪ್ಪಿದ್ದೆ, ತಿದ್ದಿಸಿಕೊಂಡೆ. ಎಷ್ಟು ಜನ ಹಾಗೆ ಹೇಳಿಯಾರು?

ನಾಲ್ಕು ದಿನದಲ್ಲಿ ದಿಲ್‌ಶಾದ್ ಹೊಸ ಸ್ಟೂಲು ಮಾಡಿದಳು. ಮಾಸ್ತರರು ಚಹಾದ ಲೋಟ ಇಟ್ಟು ನಾಲ್ಕೂ ಮೂಲೆ ಒತ್ತಿದರು, ಐದನೆಯ ಸಲ ಮುಷ್ಟಿಯಿಂದ ಗುದ್ದಿದರು. ಒಂದು ಹನಿಯೂ ಹೊರಗೆ ಬರಲಿಲ್ಲ. ಆಕೆ ಲೋಟ ಎತ್ತಿ ಕುಡಿದು, “ಸಕ್ಕರಿ ಕಡಿಮಿ ಆಗೈತ್ರಿ,” ಎಂದಳು. ಪರೀಕ್ಷಕರೂ ಆ ಸ್ಟೂಲಿನಲ್ಲಿ ಕುಂದು ಕಾಣಲಿಲ್ಲ. ಅವಳು ಪ್ರಮಾಣಪತ್ರ ಒಯ್ಯಲು ಬಂದ ದಿನ ಮಾಸ್ತರರು ನನ್ನನ್ನು ಅವಳ ಚೀಲದಲ್ಲಿ ಹಾಕಿದರು. ಏನೂ ಹೇಳಲಿಲ್ಲ. ಥೇಟ್ ಅವರಪ್ಪನಂತೆ.

ಈಗ ನಾನಿರುವುದು ಗಾದಿ ಅಂಗಡಿಗೆ ಅಂಟಿಕೊಂಡ ಅವಳ ಮಂಚದ ಅಂಗಡಿಯಲ್ಲಿ. ತೋಳಿಗೆ ತುಕ್ಕು ಹಿಡಿದಿದೆ, ಅಂಚು ಸವೆದಿದೆ. ಊರಿನಲ್ಲಿ ಎಷ್ಟೋ ಜನ ನನ್ನ ಗೆರೆಯ ಮೇಲೆ ನಿದ್ದೆ ಮಾಡುತ್ತಾರೆ. ಅವರಿಗೆ ನನ್ನ ಹೆಸರೂ ಗೊತ್ತಿಲ್ಲ. ಮಂಚ ಅಲುಗಾಡುವುದಿಲ್ಲ, ನನಗೆ ಅಷ್ಟು ಸಾಕು.

ನಿವೃತ್ತರಾದ ಮೇಲೆ ಮಾಸ್ತರರು ಒಂದು ಮಧ್ಯಾಹ್ನ ಬಂದರು. ಕೈ ನಡುಗುತ್ತಿತ್ತು. ನೇರವಾಗಿ ಮೊಳೆಯ ಹತ್ತಿರ ಬಂದು ನನ್ನನ್ನು ಇಳಿಸಿಕೊಂಡರು.

“ಡಬ್ಬಿ ತಗಿಯಾಕ ಸ್ಕ್ರೂಡ್ರೈವರ್ ಐತ್ರಿ ಸರ,” ಎಂದಳು ದಿಲ್‌ಶಾದ್.

“ಬಾಯಿ ಭಾಳ ಆತು ನಿಂದು.”

ಹಲಗೆಯ ಮೇಲೆ ಒಂದು ಗೆರೆ ಎಳೆದರು. ಮಗುಚಿ ಹಾಕಿ ಇನ್ನೊಂದು ಎಳೆದರು. ಕೈ ನಡುಗಿದರೂ ನಾನು ನಡುಗಲಿಲ್ಲ. ಗೆರೆ ಒಂದೇ ಆಯಿತು. ನನ್ನನ್ನು ಮೊಳೆಗೆ ಹಾಕಿ, ಅವಳು ಸ್ಟೂಲಿನ ಮೇಲೆ ಇಟ್ಟ ಚಹಾ ನಿಂತೇ ಕುಡಿದರು. ಲೋಟ ಕೆಳಗಿಟ್ಟು, ಸ್ಟೂಲಿನ ಮೂಲೆಯನ್ನು ಬೆರಳಿನಿಂದ ಒಮ್ಮೆ ಒತ್ತಿ ನೋಡಿ, ಹೊಸ್ತಿಲು ದಾಟಿ ಹೋದರು. ಮತ್ತೆ ಬರಲಿಲ್ಲ.