ಅವಳ ಒಳ್ಳೆಯ ದಿನಗಳು

ಓವನ್ನು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತ್ತು. ಒಳಗೂ ಹೋಗದು, ಹೊರಗೂ ಬಾರದು. ಅರ್ಧ ಅಂಗಡಿಯಲ್ಲಿ, ಅರ್ಧ ಬೀದಿಯಲ್ಲಿ ನಿಂತಿದ್ದ ಆ ಕಬ್ಬಿಣದ ಆನೆಯನ್ನು ಮೂವರು ಹಮಾಲಿಗಳು ತಬ್ಬಿ ಹಿಡಿದು ಏದುಸಿರು ಬಿಡುತ್ತಿದ್ದರು. ಸ್ಟೂಲಿನ ಮೇಲೆ ನಿಂತ ಕೇಕಕ್ಕ ದಂಡು ನಡೆಸುವವಳ ಹಾಗೆ ಕೈ ಬೀಸುತ್ತಿದ್ದಳು.

"ಎಡಕ್ಕೆ ತಿರುಗಿಸ್ರೋ! ಎಡ ಅಂದ್ರೆ ನನ್ನ ಎಡ!"

"ಅಕ್ಕಾ, ಎಡಕ್ಕೂ ಆಗಲ್ಲ, ಬಲಕ್ಕೂ ಆಗಲ್ಲ. ಬಾಗಿಲೇ ಚಿಕ್ಕದು."

"ಹಾಗಾದ್ರೆ ಗೋಡೆ ಒಡೀರಿ!"

ಬೆಳಗಿನ ಪಾಳಿ ಮುಗಿಸಿ, ಖಾಕಿ ಅಂಗಿಯ ಮೇಲಿನ ಗುಂಡಿ ಬಿಚ್ಚುತ್ತ ಬಂದ ಡ್ರೈವರ್ ಗುಂಪಿನ ಹಿಂದೆ ನಿಂತುಬಿಟ್ಟ. ಅವನು ಊರೊಳಗಿನ ಬಸ್ಸು ಓಡಿಸುವವನು. ಸ್ಟೂಲಿನ ಮೇಲಿದ್ದವಳು ಅವನ ಹೆಂಡತಿ. ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು ಕೇಕು ಮಾರುತ್ತಿದ್ದ ಅವಳನ್ನು ಇಡೀ ಬೀದಿ ಕೇಕಕ್ಕ ಎಂದೇ ಕರೆಯುತ್ತಿತ್ತು. ಇಷ್ಟು ದೊಡ್ಡ ಓವನ್ನು ಬರುವ ಸುದ್ದಿ ಗಂಡನಿಗೆ ತಿಳಿದದ್ದು ಬೀದಿಯವರಿಗೆ ತಿಳಿದ ಹೊತ್ತಿಗೇ.

"ಕೇಕಕ್ಕ ಮತ್ತೆ ಫಾರ್ಮಿಗೆ ಬಂದ್ರು ನೋಡಿ," ಎಂದು ಎದುರಂಗಡಿಯ ಎಲೆಕ್ಟ್ರಿಷಿಯನ್ ನಕ್ಕ.

ಬೇರೆ ದಿನವಾಗಿದ್ದರೆ ಡ್ರೈವರ್ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಇಂದು ನಗಲಿಲ್ಲ. ಹೆಂಡತಿಯ ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದು ಬರಿಗಾಲು. ಬಿಡದೆ ಮಾತಾಡಿ ಮಾತಾಡಿ ತುಟಿ ಒಡೆದಿತ್ತು. ಭಾರ ಹೊತ್ತು ಬಂದವರಿಗೆ ಮೊದಲು ನೀರು ಕೊಟ್ಟು ಆಮೇಲೆ ಮಾತಾಡಿಸುವ ಹೆಂಗಸು, ಹಮಾಲಿಗಳಲ್ಲಿ ಹಿರಿಯವನನ್ನು ನೋಡಿ, "ತಿಂದಿದ್ದೆಲ್ಲ ಎಲ್ಲಿಗೆ ಹೋಗುತ್ತೋ ನಿನಗೆ, ಮುದಿ ಹೆಣವೇ!" ಎಂದು ಕಿರುಚಿದಳು. ಆ ಮುದುಕ ಓವನ್ನಿನ ಹಿಂದಿನಿಂದ ತಲೆ ಹೊರಹಾಕಿ, ತಪ್ಪು ಕೇಳಿಸಿತೇನೋ ಎಂಬಂತೆ ನೋಡಿದ. ಗುಂಪಿನ ನಗು ತಟ್ಟನೆ ಅಡಗಿತು.

ಡ್ರೈವರ್ ಮುಂದೆ ಹೋಗಿ ಓವನ್ನಿಗೆ ಹೆಗಲು ಕೊಟ್ಟ. ನಾಲ್ವರೂ ಸೇರಿ ಅದನ್ನು ಹಿಂದಕ್ಕೆ ಎಳೆದು ಬೀದಿಗಿಳಿಸಿದರು. "ಇವತ್ತಿಗೆ ಇದನ್ನ ಕೊಟ್ಟ ಅಂಗಡಿಗೇ ವಾಪಸ್ ತಗೊಂಡು ಹೋಗಿ, ನಾನು ಅವರ ಹತ್ರ ಮಾತಾಡ್ತೀನಿ," ಎಂದು ಅವರನ್ನು ಕಳಿಸಿಕೊಟ್ಟ. ಕೇಕಕ್ಕ ಸ್ಟೂಲಿನಿಂದ ಇಳಿದು ಬಂದು ಗಂಡನ ಎದುರು ನಿಂತಳು.

"ನಿಮಗೆ ನಾನು ಹಾಸಿಗೆ ಹಿಡಿದು ಬಿದ್ದಿದ್ರೇನೇ ಚೆನ್ನ, ಅಲ್ವಾ?"

ಆ ಮಾತು ಅವನ ಎದೆಗೆ ನಾಟಿತು. ಯಾಕೆಂದರೆ ಅವಳು ಹಾಸಿಗೆ ಹಿಡಿದಿದ್ದ ದಿನಗಳು ಇನ್ನೂ ಹಸಿಹಸಿಯಾಗಿದ್ದವು.

ಚಳಿಗಾಲವಿಡೀ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಲೆ ಬಾಚಿಕೊಳ್ಳುವುದೂ ಬೆಟ್ಟ ಹತ್ತಿದಷ್ಟು ಕಷ್ಟವಾಗಿತ್ತು. ಹಿಂದೆಯೂ ಹೀಗೆ ಆಗಿದ್ದುಂಟು. ಒಂದಷ್ಟು ವಾರ ಮಂಕಾಗಿದ್ದು ತಾನೇ ಏಳುತ್ತಿದ್ದಳು. ಈ ಸಲ ಏಳಲಿಲ್ಲ. "ರೀ, ಸಕ್ಕರೆ ರುಚಿನೇ ಗೊತ್ತಾಗ್ತಿಲ್ಲ ನನಗೆ," ಎಂದು ಒಂದು ಮಧ್ಯಾಹ್ನ ಹೇಳಿದಾಗ ಡ್ರೈವರಿಗೆ ದಿಗಿಲಾಯಿತು. ಗಿರಾಕಿಗಳಿಗೆ ಏನು ಹೇಳುವುದು? 'ಓವನ್ ಕೆಟ್ಟಿದೆ' ಎಂದು ಬರೆದು ಬಾಗಿಲಿಗೆ ನೇತುಹಾಕಿದ. ಅದನ್ನು ನಂಬಿದ ಎಲೆಕ್ಟ್ರಿಷಿಯನ್ ಮೇಲಿಂದ ಮೇಲೆ ಸ್ಪ್ಯಾನರು ಹಿಡಿದು ಬಂದು, "ನೋಡ್ತೀನಿ ಬಿಡ್ರೀ, ಕಾಸು ಬೇಡ," ಎಂದು ಜೀವ ತಿಂದ. ಕೊನೆಗೆ ಮುನಿಸಿಕೊಂಡು, "ಇಷ್ಟು ದಿನ ಕೆಟ್ಟಿರೋ ಓವನ್ ಪ್ರಪಂಚದಲ್ಲೇ ಇಲ್ಲ," ಎಂದು ಹೊರಟುಹೋದ.

ಮನೆ ಡಾಕ್ಟರು ರಕ್ತ ನೋಡಿದರು, ಥೈರಾಯಿಡ್ ನೋಡಿದರು. ಎಲ್ಲ ಸರಿಯಾಗಿತ್ತು. "ಇದು ಖಿನ್ನತೆ," ಎಂದು ಮಾತ್ರೆ ಬರೆದುಕೊಟ್ಟರು. ಮಾತ್ರೆ ಹಿಡಿಯಿತು. ಹಿಡಿಯಿತು ಎಂದರೆ ಅಂತಿಂಥ ಹಿಡಿಯುವುದಲ್ಲ, ಕೆಲವೇ ವಾರಗಳಲ್ಲಿ ಕೇಕಕ್ಕ ಹಿಟ್ಟು ಉಬ್ಬಿದ ಹಾಗೆ ಎದ್ದು ಕೂತಳು. ಹಾಡು, ನಗು, ಬಾಗಿಲಲ್ಲಿ ಗಿರಾಕಿಗಳ ಸಾಲು. ಕುಣಿದಾಡುವಷ್ಟು ಸಂತೋಷವಾಗಿ ಡ್ರೈವರ್ ಡಾಕ್ಟರ ಮನೆಗೆ ಕೇಕು ಕೊಟ್ಟು ಬಂದ. ಅದಾದ ಮೇಲೆ ಅವಳ ನಿದ್ದೆ ಕಡಿಮೆಯಾಗುತ್ತ ಬಂತು. ಒಪ್ಪಿಕೊಂಡ ಆರ್ಡರುಗಳು ಮಾಡಿ ಮುಗಿಸಲಾಗದಷ್ಟಾದವು. ಮಾತು ಮಾತಿಗೂ ಸಿಟ್ಟು. ಈಗ ಈ ಓವನ್ನು.

ಡ್ರೈವರ್ ಅಡುಗೆಮನೆಗೆ ಹೋಗಿ ಅತ್ತೆಗೆ ಫೋನು ಮಾಡಿದ. ಆಮೇಲೆ ಡಾಕ್ಟರಿಗೆ ಮಾಡಿದ. ಡಾಕ್ಟರು ಸುಮ್ಮನೆ ಕೇಳಿಸಿಕೊಂಡು, "ನಾನು ಕೊಟ್ಟ ಮಾತ್ರೆ ಇವತ್ತೇ ನಿಲ್ಲಿಸಿಬಿಡಿ. ಇದು ಬರೀ ಖಿನ್ನತೆ ಅಲ್ಲ ಅನ್ಸುತ್ತೆ. ಮನೋವೈದ್ಯರೊಬ್ಬರಿದ್ದಾರೆ, ನಾನೇ ಹೇಳಿಡ್ತೀನಿ, ನಾಳೆನೇ ಕರ್ಕೊಂಡು ಹೋಗಿ," ಎಂದರು.

ಸಂಜೆಯ ಹೊತ್ತಿಗೆ ಅತ್ತೆ ಕೈಚೀಲ ಹಿಡಿದು ಬಂದಿಳಿದರು. ಸಣ್ಣ ದೇಹ, ಕಡಿಮೆ ಮಾತು. ಅಂಗಡಿಯ ಮೇಜಿನ ಮೇಲೆ ಅರ್ಧಂಬರ್ಧ ಮಾಡಿಟ್ಟ ಕೇಕುಗಳನ್ನೂ, ಅವುಗಳ ನಡುವೆ ಅತ್ತಿಂದಿತ್ತ ಓಡಾಡುತ್ತಿದ್ದ ಮಗಳನ್ನೂ ನೋಡಿದರು. "ಬಾ, ಜಡೆ ಹಾಕ್ತೀನಿ," ಎಂದು ಬಾಚಣಿಗೆ ತಗೊಂಡು ಕೂತರು. ಕೇಕಕ್ಕ ನಾಲ್ಕು ಸಲ ಎದ್ದಳು, ನಾಲ್ಕು ಸಲವೂ ಅತ್ತೆ ಕೈಹಿಡಿದು ಕೂರಿಸಿದರು.

"ನಿಮ್ಮಪ್ಪ ಅಂಗಳದಲ್ಲಿ ಕೊಳ ತೋಡಿದ್ದು ನೆನಪಿದೆಯೇನೇ?"

"ಯಾಕಿಲ್ಲ? ಬೀದಿ ಮಕ್ಕಳಿಗೆಲ್ಲ ಈಜು ಕಲಿಸ್ತೀನಿ ಅಂತ."

"ಅದನ್ನ ಅಗೀತಿದ್ದಾಗ ಅವರ ಕಣ್ಣು ಹೇಗಿತ್ತೋ ಹಾಗಿದೆ ಈಗ ನಿನ್ನ ಕಣ್ಣು."

ಕೇಕಕ್ಕ ಐದನೇ ಸಲ ಏಳಲಿಲ್ಲ. ಕೊಳ ಮುಗಿಯಲಿಲ್ಲ ಎಂಬುದು ಅವಳಿಗೂ ನೆನಪಿತ್ತು. ಆಮೇಲೆ ಅಪ್ಪ ಹಿಂದಿನ ಕೋಣೆ ಸೇರಿ ಬಾಗಿಲು ಮುಂದೆ ಮಾಡಿಕೊಂಡದ್ದೂ ನೆನಪಿತ್ತು.

"ನಾಳೆ ಡಾಕ್ಟರ ಹತ್ರ ಹೋಗೋಣ. ನಿನಗೋಸ್ಕರ ಬೇಡ, ನೀನು ಚೆನ್ನಾಗೇ ಇದ್ದೀಯ. ನನಗೋಸ್ಕರ ಬಾ."

ಮನೋವೈದ್ಯರು ನಡುವಯಸ್ಸು ದಾಟಿದ ಹೆಂಗಸು. ಮೇಜಿನ ಆಚೆ ಕೂರದೆ ಕುರ್ಚಿಯನ್ನು ಈ ಮೂವರ ಹತ್ತಿರಕ್ಕೇ ಎಳೆದುಕೊಂಡರು. ಕೇಕಕ್ಕ ಓವನ್ನಿನ ಕತೆ ಶುರುಮಾಡಿದಳು, ಅಲ್ಲಿಂದ ಗೋಡೆಗೆ, ಗೋಡೆಯಿಂದ ಊರಿಗೊಂದು ಅಂಗಡಿ ತೆಗೆಯುವ ಯೋಜನೆಗೆ ಹಾರಿದಳು. ಡಾಕ್ಟರು ತಡೆಯಲಿಲ್ಲ. ಅವಳು ಉಸಿರೆಳೆದುಕೊಂಡ ಸಂದಿನಲ್ಲಿ ಡ್ರೈವರ್ ಕಡೆ ತಿರುಗಿದರು.

"ಖಿನ್ನತೆ ವಿಷಯ ನಿಮ್ಮ ಡಾಕ್ಟರು ಬರೆದ ಕಾಗದದಲ್ಲಿದೆ. ಅದು ಬರೋಕೆ ಮುಂಚೆ, ಇವರು ಚೆನ್ನಾಗಿದ್ದಾಗ, ಹೇಗಿರ್ತಾರೆ?"

ಡ್ರೈವರ್ ತಬ್ಬಿಬ್ಬಾದ. ಕಾಯಿಲೆಯ ಬಗ್ಗೆ ಕೇಳುತ್ತಾರೆ ಎಂದುಕೊಂಡಿದ್ದ. ಇವರು ಕೇಳುತ್ತಿರುವುದು ಅವನ ಬಾಳಿನ ಸಿಹಿಯ ಬಗ್ಗೆ. ಅದನ್ನು ಈ ಕೋಣೆಯಲ್ಲಿ ಬಿಚ್ಚಿಡಲು ಮನಸ್ಸು ಹಿಂಜರಿಯಿತು, ಬಿಚ್ಚಿಟ್ಟರೆ ಕಿತ್ತುಕೊಂಡುಬಿಡುತ್ತಾರೇನೋ ಎಂಬಂತೆ. ಆದರೂ ಶುರುಮಾಡಿದ, ಶುರುಮಾಡಿದ ಮೇಲೆ ಮುಖ ತಾನಾಗಿಯೇ ಅರಳಿತು.

"ಚೆನ್ನಾಗಿದ್ದಾಗ ಇವಳ ಸಮ ಯಾರೂ ಇಲ್ಲ, ಮೇಡಂ. ನನ್ನ ಹುಟ್ಟುಹಬ್ಬಕ್ಕೆ ಬಸ್ ಕೇಕ್ ಮಾಡಿದ್ಲು ನೋಡಿ. ಚಕ್ರ, ಕನ್ನಡಿ, ಟಿಕೆಟ್ ತಗೊಳ್ಳೋ ಜನ, ಎಲ್ಲಾ ಸಕ್ಕರೆಯಲ್ಲಿ. ಡ್ರೈವರ್ ಸೀಟಲ್ಲಿ ನಾನು, ಮುಖ ಗಂಟು ಹಾಕ್ಕೊಂಡು! ಡಿಪೋದವರೆಲ್ಲ ಬಂದು ಫೋಟೋ ತೆಗೆದ್ರು."

"ಅದನ್ನ ಮಾಡೋಕೆ ಎಷ್ಟು ದಿನ ಹಿಡೀತು?"

"ದಿನ ಎಲ್ಲಿ? ಕೂತ್ಲು, ಮಾಡೇಬಿಟ್ಲು. ಮೇಲೇಳಲೇ ಇಲ್ಲ."

"ಆಗ ನಿದ್ದೆ?"

"ನಿದ್ದೆನಾ? ಆ ದಿನಗಳಲ್ಲಿ ಇವಳಿಗೆ ನಿದ್ದೆ ಬೇಕಾಗೋದೇ ಇಲ್ಲ, ಮೇಡಂ..."

ವಾಕ್ಯ ಮುಗಿಯುವ ಮೊದಲೇ ಅವನ ದನಿ ತಗ್ಗಿತು. ಈ ಮಾತನ್ನು ಅವನು ಎಷ್ಟೋ ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದ. ಇವತ್ತೇ ಮೊದಲ ಸಲ ತನ್ನ ಕಿವಿಗೇ ಕೇಳಿಸಿತು.

"ಆಮೇಲೆ?" ಎಂದರು ಡಾಕ್ಟರು ಮೆತ್ತಗೆ.

"ಆಮೇಲೆ... ಸ್ವಲ್ಪ ದಿನಕ್ಕೆ ಮಂಕಾದ್ಲು."

"ಪ್ರತಿ ಸಲವೂ ಹಾಗೇನಾ?"

ಅವನು ಹೆಂಡತಿಯನ್ನು ನೋಡಿದ. ಅವಳು ನೆಲ ನೋಡುತ್ತಿದ್ದಳು. ಉತ್ತರ ಕೊಟ್ಟದ್ದು ಅತ್ತೆ.

"ನಮ್ಮ ಮನೆಯವರೂ ಹೀಗೇ ಇದ್ರು, ತಾಯಿ. ಏರಿದಾಗ ಊರೆಲ್ಲ ಅವರ ಹಿಂದೆ. ಇಳಿದಾಗ ನಾನೊಬ್ಬಳೇ. ನಾವು ಅದಕ್ಕೆ 'ಗಾಳಿ ಎದ್ದಿದೆ' ಅಂತಿದ್ವಿ. ಗಾಳಿ ತಾನೇ, ಬರುತ್ತೆ, ಹೋಗುತ್ತೆ ಅಂತ ಯಾರಿಗೂ ತೋರಿಸ್ಲಿಲ್ಲ. ತೋರಿಸೋಕೆ ನಾಚಿಕೆ ಬೇರೆ."

ಡಾಕ್ಟರು ಇನ್ನೂ ಬಹಳ ಹೊತ್ತು ಕೇಳಿದರು: ಮಾತಿನ ವೇಗ, ಖರ್ಚು, ಸಿಟ್ಟು, ಸಾಯಬೇಕು ಎನಿಸಿದ್ದುಂಟೇ ಎಂಬುದನ್ನೂ. "ಚಳಿಗಾಲದಲ್ಲಿ ಅನ್ಸಿತ್ತು," ಎಂದು ಕೇಕಕ್ಕ ಮೆಲ್ಲಗೆ ಹೇಳಿದಾಗ ಡ್ರೈವರ್ ಅವಳ ಕೈ ಹಿಡಿದ. ಅದು ಅವನಿಗೆ ಗೊತ್ತಿರಲಿಲ್ಲ. ಕೊನೆಗೆ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು. ಬೈಪೋಲಾರ್. ಮನಸ್ಸು ಒಮ್ಮೆ ಮಿತಿಮೀರಿ ಏರುವುದು, ಒಮ್ಮೆ ಕುಸಿಯುವುದು. ಎರಡೂ ಒಂದೇ ಕಾಯಿಲೆ.

"ಇಳಿದಾಗ ಮಾತ್ರ ಜನ ಡಾಕ್ಟರ ಹತ್ರ ಬರ್ತಾರೆ. ಏರಿದ್ದನ್ನ ಯಾರೂ ಹೇಳಲ್ಲ, ನಾವೂ ಕೆಲವು ಸಲ ಕೇಳಲ್ಲ. ಬರೀ ಖಿನ್ನತೆ ಮಾತ್ರೆ ಕೊಟ್ರೆ ಕೆಲವರು ಹೀಗೆ ಮೇಲಕ್ಕೆ ಹೋಗಿಬಿಡ್ತಾರೆ. ಬೇರೆ ಔಷಧಿ ಇದೆ. ಆಗಾಗ ರಕ್ತ ನೋಡ್ತಾ ಇರಬೇಕು. ಚೆನ್ನಾಗಿದ್ದೀನಿ ಅಂತ ನಿಮ್ಮಷ್ಟಕ್ಕೆ ಬಿಡೋ ಹಾಗಿಲ್ಲ."

ಕೇಕಕ್ಕ ತಲೆಯೆತ್ತಿದಳು. "ಮೇಡಂ, ಆ ಬಸ್ ಕೇಕ್ ಮಾಡಿದ್ದು ನಾನಾ, ಕಾಯಿಲೆನಾ?"

ಡಾಕ್ಟರು ಅವಳ ಕಡೆ ಬಾಗಿದರು. "ಅದನ್ನ ಪೂರ್ತಿ ಬಿಡಿಸಿ ಹೇಳೋಕೆ ನನಗೂ ಬರಲ್ಲಮ್ಮ. ಮೇಲೇಳದೆ ಮಾಡಿದ್ದು ಕಾಯಿಲೆ ಇರಬಹುದು. ಸಕ್ಕರೆಯಲ್ಲಿ ಗಂಡನ ಮುಖ ಗಂಟು ಹಾಕಿಸಿದ್ದು ಮಾತ್ರ ನೀವೇ."

ಕೇಕಕ್ಕ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

ಹೊರಗಿನ ಬೆಂಚಿನ ಮೇಲೆ ಔಷಧಿಗಾಗಿ ಕಾಯುತ್ತ ಕೂತಾಗ ಅತ್ತೆ ಆ ಹೆಸರನ್ನು ಬಾಯೊಳಗೇ ಹೇಳಿ ನೋಡಿಕೊಂಡರು. ನಾಲಿಗೆ ತೊಡರಿತು. ಇನ್ನೊಮ್ಮೆ ಹೇಳಿದರು. "ಒಂದು ಹೆಸರಿತ್ತು ನೋಡಿ ಅದಕ್ಕೆ," ಎಂದರು ಅಳಿಯನಿಗೆ. "ನನ್ನ ಕೈಯಡುಗೆ ಸೇರದೆ ನಮ್ಮ ಮನೆಯವರು ಹಾಗೆ ಮಲಗ್ತಾರೆ ಅಂದ್ಕೊಂಡಿದ್ದೆ ಎಷ್ಟೋ ವರ್ಷ."

ಔಷಧಿ ಒಂದೇ ದಿನಕ್ಕೆ ಪವಾಡ ಮಾಡಲಿಲ್ಲ. ಮೊದಲು ನಿದ್ದೆ ಬಂತು. ಆಮೇಲೆ ಮಾತಿನ ನಡುವೆ ಬಿಡುವು ಬಂತು. ಓವನ್ನಿನ ಅಂಗಡಿಯವರು ಗೊಣಗಿಕೊಂಡೇ ಮುಂಗಡ ಹಿಂತಿರುಗಿಸಿದರು. ಕೇಕಕ್ಕ ಬಸ್ ಸ್ಟ್ಯಾಂಡಿಗೆ ಹೋಗಿ ಆ ಮುದುಕ ಹಮಾಲಿಯನ್ನು ಹುಡುಕಿ, ಕೈಗೆ ಕೇಕು ಕೊಟ್ಟು, "ತಪ್ಪಾಯ್ತು ಯಜಮಾನ್ರೇ," ಎಂದು ಬಂದಳು. "ಕೇಕ್ ಚೆನ್ನಾಗಿದ್ರೆ ಇನ್ನೊಂದು ಸಲ ಬೈದ್ರೂ ಪರ್ವಾಗಿಲ್ಲವ್ವ," ಎಂದನಂತೆ ಅವನು. ಔಷಧಿಯಿಂದ ಕೈ ಸಣ್ಣಗೆ ನಡುಗಿ ಕೇಕಿನ ಮೇಲಿನ ಅಕ್ಷರಗಳು ಸೊಟ್ಟಗಾದಾಗ ಅವಳಿಗೆ ಬೇಸರವಾಯಿತು. ಡಾಕ್ಟರು ಪ್ರಮಾಣ ಇಳಿಸಿದರು, ನಡುಕ ಕಡಿಮೆಯಾಯಿತು. ಬಂದ ಆರ್ಡರಿಗೆಲ್ಲ ಹೂಂ ಎನ್ನುವುದನ್ನು ಬಿಟ್ಟಳು. ಮೊದಮೊದಲು ಬೀದಿಯವರಿಗೆ ಸಪ್ಪೆ ಎನಿಸಿದರೂ, ಹೇಳಿದ ದಿನಕ್ಕೆ ಕೇಕು ಸಿಗತೊಡಗಿದ್ದು ಯಾರಿಗೂ ಬೇಡವಾಗಲಿಲ್ಲ.

ಹೆಚ್ಚು ಕಷ್ಟಪಟ್ಟವನು ಡ್ರೈವರ್. ಅವಳು ಜೋರಾಗಿ ನಕ್ಕರೆ ದಿಗಿಲು, ಸುಮ್ಮನಿದ್ದರೆ ದಿಗಿಲು. ಒಂದು ಬೆಳಿಗ್ಗೆ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಬಿಸಾಡಿದ್ದಕ್ಕೆ ಅವಳು ರೇಗಿದಳು. ಅವನು ಅವಳನ್ನೇ ನೋಡುತ್ತ, "ನಿದ್ದೆ ಸರಿಯಾಗಿ ಬಂತೇನೇ?" ಎಂದ.

"ಚೆನ್ನಾಗಿ ಬಂತು. ಇದು ಕಾಯಿಲೆ ಸಿಟ್ಟಲ್ಲ ಕಣ್ರೀ, ಟವೆಲ್ ಸಿಟ್ಟು! ಎಲ್ಲಾ ಹೆಂಡತಿಯರಿಗೂ ಬರುತ್ತೆ. ಎತ್ತಿ ಹರವಿ ಬನ್ನಿ."

ಅವನು ಎತ್ತಿ ಹರವಿ ಬಂದ. ಹರವುತ್ತ ಹರವುತ್ತ ಅವನಿಗೇ ನಗು ಬಂತು.

ಮರುವಾರ ಅಂಗಡಿಗೆ ರಜೆ ಮಾಡಿ, "ಇವತ್ತು ನಿಮ್ಮ ಬಸ್ಸಲ್ಲಿ ಕೂತು ಬರ್ತೀನಿ," ಎಂದಳು. ಎಲ್ಲಿಗೂ ಅಲ್ಲ, ಸುಮ್ಮನೆ. ಮಧ್ಯಾಹ್ನದ ಟ್ರಿಪ್ಪು, ಬಸ್ಸು ಮುಕ್ಕಾಲು ಖಾಲಿ. ಅವನ ಹಿಂದಿನ ಕಿಟಕಿಯ ಬಳಿ ಕೂತು ಅಂಗಡಿಗಳನ್ನು, ಶಾಲೆ ಬಿಟ್ಟು ಬರುವ ಮಕ್ಕಳನ್ನು, ಬಾಲ್ಕನಿಗಳಲ್ಲಿ ಒಣಗುತ್ತಿದ್ದ ಬಟ್ಟೆಗಳನ್ನು ನೋಡುತ್ತಿದ್ದಳು. ಸೇತುವೆ ದಾಟಿದ ಮೇಲೆ ಹಿಂದಿನಿಂದ ಮಾತು ಕೇಳಿಸಲಿಲ್ಲ. ಡ್ರೈವರ್ ಕನ್ನಡಿಯಲ್ಲಿ ನೋಡಿದ. ಅವಳ ತಲೆ ಕಿಟಕಿಯ ಗಾಜಿಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಮಡಿಲಲ್ಲಿ ಟಿಕೆಟು ಹಿಡಿದ ಕೈ ಸಡಿಲವಾಗಿತ್ತು.

ಮುಂದೆ ರಸ್ತೆಯಲ್ಲಿ ದೊಡ್ಡ ಹಂಪು ಇತ್ತು. ಅವನು ಗೇರು ಇಳಿಸಿದ, ಮುಂದಿನ ಚಕ್ರಗಳನ್ನು ಮೆಲ್ಲಗೆ ಹತ್ತಿಸಿ ಮೆಲ್ಲಗೆ ಇಳಿಸಿದ, ಹಿಂದಿನವು ದಾಟುವ ತನಕ ಉಸಿರು ಹಿಡಿದ. ಹಿಂದಿದ್ದ ಕಾರಿನವನು ಹಾರನ್ ಒತ್ತುತ್ತಲೇ ಇದ್ದ. ಕನ್ನಡಿಯಲ್ಲಿ ಅವಳು ಹಾಗೇ ನಿದ್ದೆಯಲ್ಲಿದ್ದಳು.