ಚನ್ನರಾಯಪ್ಪನವರ ಪಥ್ಯ

ಗೌನಿಪಲ್ಲಿಯ ಮುನಿನಾರಾಯಣಪ್ಪ ಮೂಳೆ ಕಟ್ಟಿದರೆ ಮತ್ತೆ ಯೋಚಿಸುವ ಹಾಗಿರಲಿಲ್ಲ. ಉಳುಕಲಿ, ಕೀಲು ತಪ್ಪಲಿ, ಮುರಿಯಲಿ, ಮುಳಬಾಗಿಲಿನ ಕಡೆಯಿಂದಲೂ ಜನ ಗಾಡಿ ಕಟ್ಟಿಕೊಂಡು ಅವನ ಅಂಗಳಕ್ಕೆ ಬರುತ್ತಿದ್ದರು. ಆದರೆ ಮೂಳೆ ಮುಟ್ಟುವ ಕೈ ಕಾಸು ಮುಟ್ಟಬಾರದು ಎಂಬುದು ಆ ಮನೆಯ ನೇಮ. ಮುಟ್ಟುವುದಿರಲಿ, ಕಾಸಿನ ಮಾತು ಅವನ ಕಿವಿಗೂ ಬೀಳಬಾರದು. ಬಿದ್ದರೆ ಕೈಗುಣ ಹೋಗುತ್ತದೆ. ಹಾಗಾಗಿ ವಸೂಲಿಯೆಲ್ಲ ಮನೆಯ ಹೆಂಗಸಿನ ಪಾಲಿಗೆ. ಅದಕ್ಕೂ ಒಂದು ಕ್ರಮವಿತ್ತು. ಪಟ್ಟಿ ಬಿಚ್ಚಿದ ಮೇಲೆ ರೋಗಿ ಅಂಗಳದಂಚಿನ ಹುಣಸೆಮರದಿಂದ ಜಗಲಿಯವರೆಗೆ ಕುಂಟದೆ ನಡೆದು ಬಂದು, "ಎಷ್ಟಮ್ಮಾ?" ಎಂದು ತಾನಾಗಿ ಕೇಳಬೇಕು. ಅಲ್ಲಿಯವರೆಗೆ ಇವಳು ಬಾಯಿ ಬಿಡುವಂತಿಲ್ಲ.

ಅತ್ತೆ ದೊಡ್ಡವೆಂಕಟಮ್ಮ ಕಣ್ಣು ಮಂಜಾದ ಮೇಲೆ, ಆ ಸಂಕ್ರಾಂತಿಗೆ, ಸೊಂಟದ ಕಾಸಿನ ಸಂಚಿ ಬಿಚ್ಚಿ ಸೊಸೆ ಆದಿಲಕ್ಷ್ಮಿಯ ಕೈಗೆ ಕೊಟ್ಟಿದ್ದಳು. ಮದುವೆಯಾಗಿ ಬಂದಾಗಿನಿಂದ ಆದಿಲಕ್ಷ್ಮಿ ಆ ಮನೆಯಲ್ಲಿ 'ಲೇ', 'ಇವಳೇ', 'ಒಳಗಿರೋಳೇ' ಆಗಿದ್ದವಳು. ಈಗ ಮೀಸೆ ಹೊತ್ತ ಗಂಡಸರು ಜಗಲಿಯ ಮುಂದೆ ನಿಂತು, "ಎಷ್ಟು ಕೊಡ್ಲಮ್ಮಾ?" ಎನ್ನುತ್ತಿದ್ದರು. ಅವಳು ಮುಖ ನೋಡುತ್ತಿರಲಿಲ್ಲ, ಪಾದ ನೋಡುತ್ತಿದ್ದಳು. ಒಡೆದ ಹಿಮ್ಮಡಿಗೆ ಒಂದು ಮಡಿಲು ಹುರುಳಿ ಸಾಕು, ಮೆಟ್ಟು ಹಾಕಿ ನಯವಾದ ಪಾದಕ್ಕೆ ಬೆಳ್ಳಿ ರೂಪಾಯಿ. ತಾನು ಹೇಳಿದ್ದಕ್ಕೆ ಎದುರಿನವರು ತಲೆಯಾಡಿಸುವಾಗ ಅವಳಿಗೆ ತನ್ನ ದನಿ ಬೇರೆ ಯಾರದೋ ಎನ್ನಿಸುತ್ತಿತ್ತು. ಆ ಬೇರೆಯವಳು ಅವಳಿಗೆ ಇಷ್ಟವಾಗಿಬಿಟ್ಟಿದ್ದಳು.

ಅಂಥದ್ದರಲ್ಲಿ ವಕ್ಕರಿಸಿದವರು ಮಾವಿನ ತೋಪಿನ ಚನ್ನರಾಯಪ್ಪನವರು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನಿಂದ, ಅದು ನಿಲ್ಲುವ ಮೊದಲೇ ಇಳಿಯಲು ಹೋಗಿ ಕಾಲು ಮುರಿದುಕೊಂಡಿದ್ದರು. ಮುನಿನಾರಾಯಣಪ್ಪ ಬಿದಿರ ದಬ್ಬೆ ಇಟ್ಟು, ಮೊಟ್ಟೆಯ ಬಿಳಿ ಸವರಿ ಕಟ್ಟಿದ. ಯುಗಾದಿಗೆ ಮುಂಚೆಯೇ ಬಿಚ್ಚಿದ. ಕಾಲು ನೆಟ್ಟಗೆ ಕೂತಿತ್ತು. ಆದರೂ ಅವರು ಎಣ್ಣೆ ತಿಕ್ಕಿಸಿಕೊಳ್ಳಲು ಬಂದಾಗಲೆಲ್ಲ ಹುಣಸೆಮರದ ಹತ್ತಿರದಿಂದಲೇ ಕುಂಟುತ್ತಿದ್ದರು.

"ಇನ್ನೂ ಹಿಡಿದಂಗೈತೆ ಕಣಮ್ಮಾ," ಎಂದು ಜಗಲಿಯ ಕಡೆ ತಿರುಗದೆ ಹೋಗಿಬಿಡುತ್ತಿದ್ದರು.

ಬೇಲಿ ದಾಟಿ ಓಣಿ ತಿರುಗಿದ ಮೇಲೆ ಅವರು ಹೋರಿಯಂತೆ ನಡೆಯುವುದನ್ನು ಆದಿಲಕ್ಷ್ಮಿ ಹಿತ್ತಿಲಿನಿಂದ ಕಂಡಿದ್ದಳು. ಆದರೆ ಗಂಡನಿಗೆ ಹೇಳುವುದು ಹೇಗೆ? ಅದು ಕಾಸಿನ ಮಾತಾಗುತ್ತದಲ್ಲ! ಅವನೋ, ಊಟ ಬಿಟ್ಟು ಅಂಗೈ ನೋಡಿಕೊಳ್ಳುತ್ತ, "ಲೇ, ನನ್ನ ಕೈಗುಣ ಹೋಯ್ತೇನೇ?" ಎಂದು ಕೊರಗುತ್ತಿದ್ದ.

"ನಿಮ್ಮ ಕೈಗೇನೂ ಆಗಿಲ್ಲ, ಉಣ್ಣಿ," ಎಂದಷ್ಟೇ ಹೇಳಿ ಮುದ್ದೆಯ ತಟ್ಟೆ ಮುಂದೆ ಸರಿಸುತ್ತಿದ್ದಳು.

ಅತ್ತೆಗೆ ಕಣ್ಣು ಮಂಜಾಗಿತ್ತೇ ಹೊರತು ಕಿವಿಯಲ್ಲ. "ಆ ಕುಂಟು ಹೆಜ್ಜೆ ಸದ್ದು ನಂಗೆ ಕೇಳ್ಸಲ್ವಾ? ನನ್ನ ಕಾಲದಲ್ಲಿ ಒಬ್ಬನಾದರೂ ಹಂಗೆ ತಪ್ಪಿಸ್ಕೊಂಡಿದ್ನಾ? ಕಾರಹುಣ್ಣಿಮೆ ಒಳಗೆ ಚನ್ನರಾಯಪ್ಪನ ಬಾಯಲ್ಲಿ 'ಎಷ್ಟಮ್ಮಾ' ಅನ್ನಿಸ್ಲಿಲ್ಲ ಅಂದ್ರೆ ಸಂಚಿ ನನ್ನ ಸೊಂಟಕ್ಕೇ ವಾಪಸ್ಸು, ತಿಳೀತಾ?"

ಅಂದು ಒಲೆ ಊದುವಾಗ ಆದಿಲಕ್ಷ್ಮಿಯ ಕಣ್ಣಲ್ಲಿ ನೀರು ಬಂದದ್ದು ಹೊಗೆಗಲ್ಲ. ಮತ್ತೆ 'ಒಳಗಿರೋಳೇ' ಆಗಬೇಕೇ?

ಬಾವಿಯ ಹತ್ತಿರ ಚನ್ನರಾಯಪ್ಪನವರ ಹೆಂಡತಿ ಭಾರತಮ್ಮ ಸಿಕ್ಕಳು. ಬಿಂದಿಗೆ ಇಳಿಸಿ ಅವಳೇ ಮಾತು ತೆಗೆದಳು. "ಏಮ್ಮಾ ಆದಿಲಕ್ಷ್ಮೀ, ನಮ್ಮೋರ ಕಾಲು ಇನ್ನೂ ಸರಿಹೋಗಿಲ್ವಲ್ಲೇ. ಮನೇಲೂ ಕುಂಟ್ತಾರೆ. ರಾತ್ರಿಯೆಲ್ಲ 'ಅಮ್ಮಾ, ಅಯ್ಯಾ' ಅಂತಾರೆ."

ಮನೆಯಲ್ಲೂ ಕುಂಟುತ್ತಾರಾ! ಆದಿಲಕ್ಷ್ಮಿ ಸೆರಗು ಬಾಯಿಗೆ ಒತ್ತಿಕೊಂಡು ನಗು ನುಂಗಿದಳು.

"ಹಂಗಾದ್ರೆ ಪಥ್ಯ ಇನ್ನೂ ಮಾಡ್ತಿದ್ದೀರ ತಾನೇ ಅಕ್ಕಾ?"

"ಪಥ್ಯ ಪಟ್ಟಿ ಬಿಚ್ಚೋವರೆಗೆ ಅಲ್ವಾ?"

"ಕುಂಟು ಹೋಗೋವರೆಗೆ. ನಮ್ಮತ್ತೆ ಕಾಲದಿಂದ್ಲೂ ಅಷ್ಟೇ, ಬೇಕಾದ್ರೆ ಕೇಳಿ. ಹುಳಿ ಇಲ್ಲ, ಬದನೆಕಾಯಿ ಇಲ್ಲ, ಕೋಳಿ ಇಲ್ಲ. ಮಾವಿನಹಣ್ಣಂತೂ ಮೂಸಿ ನೋಡೋಹಂಗಿಲ್ಲ."

ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಭಾರತಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. "ಅಯ್ಯೋ ಸಾಮೀ, ನಿನ್ನೇನೇ ರಸಪುರಿ ಕೊಟ್ಬಿಟ್ನಲ್ಲೇ! ಅದಕ್ಕೇ ರಾತ್ರಿ ನರಳಿದ್ದು!"

ಭಾರತಮ್ಮನಂಥ ಪತಿವ್ರತೆ ಪಥ್ಯಕ್ಕೆ ನಿಂತರೆ ಕೇಳಬೇಕೆ? ಸ್ವಂತ ತೋಪಿನ ಬಾದಾಮಿ, ರಸಪುರಿಗಳು ಅಟ್ಟದ ಹುಲ್ಲಿನಲ್ಲಿ ಹಣ್ಣಾಗಿ ಮನೆಯೆಲ್ಲ ಘಮಗುಡುತ್ತಿದ್ದರೆ, ಯಜಮಾನರ ತಟ್ಟೆಗೆ ರಾಗಿಮುದ್ದೆ, ಮೆಣಸಿನ ಸಾರು. ಬೀಗರು ಬಂದರೆ ಅವರಿಗೆ ಸೀಕರಣೆ, ಇವರಿಗೆ ಮೆಣಸಿನ ಸಾರು. ಕದ್ದು ತಿನ್ನೋಣವೆಂದರೆ ಅಟ್ಟ ಹತ್ತಬೇಕು. ಕುಂಟನು ಅಟ್ಟ ಹತ್ತುವುದುಂಟೆ? ತೋಪಿಗೆ ಹೊರಟರೆ, "ಆ ಕಾಲಲ್ಲಿ ಎಲ್ಲಿಗೆ?" ಎಂದು ಭಾರತಮ್ಮ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು.

ಕಾರಹುಣ್ಣಿಮೆಯ ಮುನ್ನಾದಿನ ಆದಿಲಕ್ಷ್ಮಿ ಜಗಲಿ ಸಾರಿಸುತ್ತಿದ್ದಳು. ಚನ್ನರಾಯಪ್ಪನವರು ಹುಣಸೆಮರದ ಕೆಳಗೆ ಒಂದು ಗಳಿಗೆ ನಿಂತರು. ಹೆಂಡತಿ ಹಿಂದೆಯೇ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವರು ಪಂಚೆ ಎತ್ತಿ ಕಟ್ಟಿ, ಮದುವಣಿಗನ ಹಾಗೆ ಸೆಟೆದು, ನೆಟ್ಟಗೆ ಜಗಲಿಯವರೆಗೆ ನಡೆದು ಬಂದರು. ಎಣ್ಣೆ ಕಾಸುತ್ತಿದ್ದ ಮುನಿನಾರಾಯಣಪ್ಪ ಎದ್ದುನಿಂತ. ತನ್ನ ಅಂಗೈಗಳನ್ನು ಒಮ್ಮೆ ನೋಡಿಕೊಂಡ. ಮುಂದೆ ಬರುವ ಮಾತು ಕಿವಿಗೆ ಬೀಳದಿರಲೆಂದು ನಗುತ್ತ ಹಿತ್ತಿಲಿಗೆ ಹೋಗಿಬಿಟ್ಟ.

"ಎಷ್ಟಮ್ಮಾ?" ಎಂದರು ಚನ್ನರಾಯಪ್ಪ ನೆಲ ನೋಡುತ್ತ.

ಆದಿಲಕ್ಷ್ಮಿ ಅವರ ಪಾದ ನೋಡಿದಳು. "ಮೂರು ರೂಪಾಯಿ."

"ಒಂದು ಕಾಲಿಗೆ ಮೂರಾ?"

"ಎರಡರಲ್ಲೂ ನಡೀತಿದ್ದೀರಲ್ಲ ಯಜಮಾನ್ರೇ."

ಭಾರತಮ್ಮ ಗಂಡನಿಗಿಂತ ಮೊದಲೇ ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸಿದಳು. ಎಣಿಸುತ್ತಲೇ, "ಇವತ್ತು ತಿನ್ನಬಹುದಲ್ವೇನೇ? ಪಾಪ, ಬಡವಾಗಿಬಿಟ್ಟವ್ರೆ," ಎಂದಳು.

"ಹೊಟ್ಟೆ ತುಂಬ ತಿನ್ನಲಿ ಅಕ್ಕಾ."

ಅವರು ಹೋದ ಮೇಲೆ ಒಳಗಿನಿಂದ ಅತ್ತೆಯ ದನಿ ಬಂತು. "ಲೇ..."

ಆದಿಲಕ್ಷ್ಮಿಯ ಕೈ ತಾನಾಗಿ ಸಂಚಿಯ ಮೇಲೆ ಹೋಯಿತು.

"ಆದಿಲಕ್ಷ್ಮೀ," ಎಂದು ತಿದ್ದಿಕೊಂಡಳು ಮುದುಕಿ. "ಆ ಸಂಚಿ ದಾರ ನನ್ನ ಕಾಲದ್ದು, ಜೀರ್ಣ ಆಗಿರ್ಬೇಕು. ಸಂತೇಲಿ ಹೊಸದು ತಗೊಂಡು ಹಾಕ್ಕೋ."