ಮುನಿಸಿಕೊಂಡ ಸೈಕಲ್ಲು

ಅಂಗಡಿಯ ಗೋಡೆಗೆ ಬಣ್ಣ ಬಳಿಯುವ ಗಡಿಬಿಡಿಯಲ್ಲಿ ಅಪ್ಪನ ಕಾರ್ಬನ್ ಫೈಬರ್ ಸೈಕಲ್ಲು ಕೊಕ್ಕೆಯಿಂದ ಜಾರಿ ಬಿತ್ತು. ಅಪ್ಪ ತೀರಿಕೊಂಡ ಮೇಲೆ ಅದನ್ನು ಯಾರೂ ತುಳಿದಿರಲಿಲ್ಲ. ಭಾನುವಾರದ ಗುಡ್ಡದ ರೇಸಿಗೆ ಅದೇ ಬೇಕೆಂದು ಮಗಳು ಹಟ ಹಿಡಿದಿದ್ದಾಗಲೇ ಹೀಗಾಗಬೇಕೆ?

"ಒಂದು ಗೀರೂ ಬಿದ್ದಿಲ್ಲಮ್ಮ. ಸುಮ್ನೆ ಹೂಂ ಅನ್ನು."

"ಕಬ್ಬಿಣ ಆದ್ರೆ ಬಗ್ಗಿ ಹೇಳುತ್ತೆ. ಇದು ಹೇಳದೆ ಕೇಳದೆ ಮುರಿಯುತ್ತೆ. ಇಳಿಜಾರಲ್ಲಿ ಹಲ್ಲು ಆರಿಸ್ಕೊಂಡು ಬರ್ತೀಯಾ? ಒಡೆದಿದ್ರೆ ಮತ್ತೆ ಗೋಡೆಗೇ."

ರಿಪೇರಿ ಅಂಗಡಿ ಈಗ ಅಮ್ಮನದು. ಅವಳು ಹುಟ್ಟಿದ್ದು ಕುಂಬಾರರ ಮನೆಯಲ್ಲಿ. ಅವಳಪ್ಪ ಸುಟ್ಟ ಗಡಿಗೆಗಳನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದ. ಟಣ್ ಎಂದರೆ "ಓಗೊಟ್ಟಿತು". ದೊಬ್ ಎಂದರೆ "ಮುನಿಸ್ಕೊಂಡಿದೆ" ಎಂದು ಪಕ್ಕಕ್ಕಿಡುತ್ತಿದ್ದ. ಕರೆದರೂ ಮಾತಾಡದ ಮಕ್ಕಳ ತಲೆಯನ್ನೂ ಹಾಗೇ ತಟ್ಟುತ್ತಿದ್ದ. ಮದುವೆಯ ಹೊಸದರಲ್ಲಿ ಅವಳು ಕಾರ್ಬನ್ ಫ್ರೇಮುಗಳನ್ನು ತಟ್ಟಿ ನೋಡಿದಾಗ ಗಂಡ ನಕ್ಕಿದ್ದ. ಆಮೇಲೆ ಅವನಿಗೂ ಅದೇ ಮಾತು ಅಂಟಿಕೊಂಡಿತು.

ಅಮ್ಮ ಫ್ರೇಮನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದಳು. ಪೈಪುಗಳು ಕೂಡುವಲ್ಲಿ ಉಗುರು ಆಡಿಸಿದಳು, ಎಲ್ಲೂ ತಡೆಯಲಿಲ್ಲ. ಆಮೇಲೆ ತಟ್ಟತೊಡಗಿದಳು. ಮೇಲಿನ ಪೈಪು ಓಗೊಟ್ಟಿತು, ಹಿಂದಿನವೂ ಓಗೊಟ್ಟವು. ಕೆಳಗಿನ ದಪ್ಪ ಪೈಪು ಮಾತ್ರ ದೊಬ್ ಎಂದಿತು.

ಕೈ ಅಲ್ಲೇ ನಿಂತಿತು. "ಮುನಿಸ್ಕೊಂಡಿದೆ ಕಣೇ."

"ಇನ್ನೊಂದ್ಸಲ ತಟ್ಟಮ್ಮ."

"ತಟ್ಟಿದಷ್ಟೂ ಅದೇ ಹೇಳುತ್ತೆ." ದನಿ ಇಳಿದಿತ್ತು. "ತಡಿ, ಒಳಗೂ ನೋಡಿಬಿಡೋಣ."

ಅಮ್ಮ ಪೆಡಲಿನ ಅಚ್ಚು ಬಿಚ್ಚಿದಳು. ಅಲ್ಲಿ ತೆರೆದ ತೂತಿನಲ್ಲಿ ಮಗಳು ಟಾರ್ಚ್ ಬಿಟ್ಟಳು. "ಅಮ್ಮ, ನೀಲಿ ಏನೋ ಇದೆ!"

ಬಗ್ಗಿಸಿದ ತಂತಿ ಹಾಕಿ ಎಳೆದರೆ ಮೊಳಗಟ್ಟಲೆ ಹೊರಬಂದದ್ದು ಅಮ್ಮನ ಉಣ್ಣೆ ಮಫ್ಲರು. ಕಳೆದುಹೋಯಿತೆಂದು ಅವಳು ಮನೆಯನ್ನೆಲ್ಲ ಜಾಲಾಡಿದ್ದಳು. ಆಗ ಗಂಡನೂ ಮಂಚದಡಿ ಬಗ್ಗಿ ಬಗ್ಗಿ ಹುಡುಕಿದ್ದ.

"ಒಳಗೆ ಬ್ರೇಕಿನ ಕೇಬಲ್ಲು ಕಟಕಟ ಅಂತಿತ್ತು. ನಿಮ್ಮ ಸೈಕಲ್ಲಿಗೆ ಹಲ್ಲು ಕಡಿಯೋ ರೋಗ ಅಂತ ದಿನಾ ಬೈತಿದ್ದೆ. ಆಮೇಲೊಂದಿನ ಸುಮ್ಮನಾಯ್ತು. ಎಣ್ಣೆ ಬಿಟ್ಟೆ ಅಂದ್ರು ನಿಮ್ಮಪ್ಪ, ಕಳ್ಳರು!"

ಅವಳು ಮಫ್ಲರನ್ನು ಮೂಗಿಗೆ ಒತ್ತಿಕೊಂಡಳು. ಬರೀ ಗ್ರೀಸಿನ ವಾಸನೆ. ಒತ್ತಿಕೊಂಡೇ ಇದ್ದಳು. ಮತ್ತೆ ತಟ್ಟಲು ಅವಳಿಗೆ ಧೈರ್ಯ ಸಾಲಲಿಲ್ಲ.

"ನೀನೇ ತಟ್ಟು."

ಮಗಳು ಗೆಣ್ಣು ಮಡಿಚಿ ತಟ್ಟಿದಳು. ಟಣ್. ಅಮ್ಮ ಕಿವಿಗೊಟ್ಟು ಪೈಪಿನುದ್ದಕ್ಕೂ ತಟ್ಟಿಸಿದಳು. ಎಲ್ಲೆಡೆಯೂ ಒಂದೇ ದನಿ.

ಭಾನುವಾರ ಬೆಳಿಗ್ಗೆ ಸೈಕಲ್ಲು ಹತ್ತುವಾಗ ಮಗಳು ಕೇಳಿದಳು, "ಮಫ್ಲರ್ ಮತ್ತೆ ತುರುಕಬೇಕಿತ್ತಾ?"

"ಬೇಡ. ಹಲ್ಲು ಕಡೀಲಿ ಬಿಡು."

ಕಟಕಟ ಎನ್ನುತ್ತ ಸೈಕಲ್ಲು ಬೀದಿಗಿಳಿಯಿತು. ಅಮ್ಮ ಕೊರಳಿಗೆ ಮಫ್ಲರು ಸುತ್ತಿಕೊಂಡು, ಆ ಸದ್ದು ತಿರುವು ದಾಟುವವರೆಗೂ ಬಾಗಿಲಲ್ಲೇ ನಿಂತಿದ್ದಳು.